ವಿಳಾಸ ಇಲ್ಲದವರ ಓಲೆ

1

ಅಮೆರಿಕದ ಸ್ವಾತಂತ್ರ್ಯ ಹೋರಾಟ ನಮ್ಮ ಪಠ್ಯಪುಸ್ತಕಗಳಲ್ಲಿ ಚಹಾದ ಕತೆಯಾಗಿ ಬರುತ್ತದೆ. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಒಂದಷ್ಟು ಜನ ಈಸ್ಟ್ ಇಂಡಿಯಾ ಕಂಪನಿಯ ಚಹಾಪೆಟ್ಟಿಗೆಗಳನ್ನು ಒಡೆದು ಸಮುದ್ರಕ್ಕೆ ಸುರಿದರು, 1775ರಲ್ಲಿ ಬಂದೂಕು ಸಿಡಿಯಿತು, 1776ರಲ್ಲಿ ಜೆಫರ್ಸನ್ ಬರೆದ ಘೋಷಣೆ ಹೊರಬಂತು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಚಹಾಕ್ಕೂ ಬಂದೂಕಿಗೂ ಮೊದಲು ಅಲ್ಲಿ ನಡೆದದ್ದು ಕಾಗದ ಬರೆಯುವ ಕೆಲಸ. ಊರಿನಿಂದ ಊರಿಗೆ ಓಲೆ ಹೋಯಿತು, ಉತ್ತರ ಬಂತು, ಉತ್ತರ ಅಚ್ಚಾಯಿತು, ಅದನ್ನು ಓದಿ ಮತ್ತೊಂದು ಊರು ಬರೆಯಿತು. ಒಬ್ಬರ ಮುಖ ಒಬ್ಬರು ಕಾಣದ ಜನ 'ನಾವು' ಅಂತ ಅಂದುಕೊಂಡದ್ದು ಈ ಓಲೆಗಳ ಮೂಲಕ.

ಈ ಓಲೆಗಳನ್ನು ದಲಿತ ವಿಮರ್ಶೆ ಯಾಕೆ ಓದಬೇಕು ಎಂದು ಕೇಳುವವರು ಇದ್ದಾರೆ. ಎರಡು ಕಾರಣ ಕೊಡುತ್ತೇನೆ. ಕರಪತ್ರ, ಸುತ್ತೋಲೆ, ಸಣ್ಣ ಪತ್ರಿಕೆ ಇವುಗಳನ್ನೇ ನೆಚ್ಚಿಕೊಂಡು ಬೆಳೆದ ಚಳವಳಿ ನಮ್ಮದು. ಅಧಿಕಾರದಿಂದ ದೂರ ಇರುವ ಜನ ಬರವಣಿಗೆಯನ್ನೇ ಸಂಘಟನೆಯಾಗಿ ಮಾಡಿಕೊಂಡ ಉದಾಹರಣೆ ಎಲ್ಲಿದ್ದರೂ ಅದರಿಂದ ಕಲಿಯುವುದಿದೆ. ಇದು ಮೊದಲನೆಯದು. ಎರಡನೆಯದು ಇದಕ್ಕಿಂತ ಕಹಿಯಾದದ್ದು. ಆ ಓಲೆಗಳಲ್ಲಿ ಎದ್ದು ಕಾಣುವ ಪದ 'ಗುಲಾಮಗಿರಿ'. ಬರೆದವರು ಗುಲಾಮರಾಗಿರಲಿಲ್ಲ. ಅವರಲ್ಲಿ ಹಲವರು ಗುಲಾಮರನ್ನು ಇಟ್ಟುಕೊಂಡಿದ್ದವರು. ಅದೇ ಹೊತ್ತಿನಲ್ಲಿ, ಅದೇ ಬಾಸ್ಟನ್ನಿನಲ್ಲಿ, ನಿಜವಾದ ಗುಲಾಮರೂ ತಮ್ಮದೇ ಒಂದು ಸಮಿತಿ ಮಾಡಿಕೊಂಡು ಓಲೆ ಬರೆದರು. ಈ ಎರಡು ಬಗೆಯ ಓಲೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಮಾತ್ರ ಆ ಕಾಲದ ಬರಹದ ರಾಜಕಾರಣ ಪೂರ್ತಿಯಾಗಿ ಕಾಣುತ್ತದೆ. ಹಾಗೆ ಓದುವುದು ಈ ಲೇಖನದ ಕೆಲಸ.

2

ಹೊಗಳಬೇಕಾದ್ದನ್ನು ಹೊಗಳಿಯೇ ಮುಂದೆ ಹೋಗಬೇಕು. ಮ್ಯಾಸಚೂಸೆಟ್ಸ್ ವಸಾಹತಿನ ಗವರ್ನರ್ ಮತ್ತು ಮೇಲಿನ ಕೋರ್ಟಿನ ನ್ಯಾಯಾಧೀಶರ ಸಂಬಳ ಇನ್ನು ದೊರೆಯ ಖಜಾನೆಯಿಂದಲೇ ಬರುತ್ತದೆ ಎಂಬ ಸುದ್ದಿ 1772ರಲ್ಲಿ ಹರಡಿತು. ಸಂಬಳ ಕೊಡುವ ಅಧಿಕಾರ ಜನಪ್ರತಿನಿಧಿಗಳ ಸಭೆಗೆ ಇರುವವರೆಗೆ ಅಧಿಕಾರಿಗಳ ಮೇಲೆ ಒಂದು ಲಗಾಮು ಇರುತ್ತಿತ್ತು. ಅದು ಕೈತಪ್ಪಿತು. ನವೆಂಬರ್ 2ರಂದು ಬಾಸ್ಟನ್ನಿನ ಪಟ್ಟಣಸಭೆಯಲ್ಲಿ ಸ್ಯಾಮ್ಯುಯೆಲ್ ಆಡಮ್ಸ್ ಒಂದು ಠರಾವು ಮಂಡಿಸಿದ. 21 ಜನರ 'ಪತ್ರವ್ಯವಹಾರ ಸಮಿತಿ' ಆಯಿತು, ಜೇಮ್ಸ್ ಓಟಿಸ್ ಅದರ ಅಧ್ಯಕ್ಷನಾದ. ಸಮಿತಿಗೆ ವಹಿಸಿದ ಕೆಲಸ ಮೂರು: ವಸಾಹತಿನ ಜನರ ಹಕ್ಕುಗಳು ಏನೇನು ಎಂದು ಬರೆಯುವುದು, ಆ ಹಕ್ಕುಗಳು ಎಲ್ಲೆಲ್ಲಿ ಮುರಿದಿವೆ ಎಂದು ಪಟ್ಟಿ ಮಾಡುವುದು, ಇವೆರಡನ್ನೂ ಬೇರೆ ಊರುಗಳಿಗೆ ಕಳಿಸಿ ಅಭಿಪ್ರಾಯ ಕೇಳುವುದು. ಇದೆಲ್ಲ ಸೇರಿ ಒಂದು ಹೊತ್ತಗೆಯಾಯಿತು. ಆರು ನೂರು ಪ್ರತಿ ಅಚ್ಚಾಯಿತು.

ಹೊತ್ತಗೆ ಒಂದು ಊರಿಗೆ ತಲುಪಿದ ಮೇಲೆ ಏನಾಗುತ್ತಿತ್ತು ಎಂಬುದೇ ಇಲ್ಲಿ ಮುಖ್ಯ. ಊರಿನ ಮುಖಂಡರು ಸಭೆ ಕರೆಯುತ್ತಿದ್ದರು. ಓಲೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಚರ್ಚೆಯಾಗಿ, ಆ ಊರಿನದೇ ಒಂದು ಸಮಿತಿ ಆಗಿ, ಉತ್ತರದ ಕರಡು ಸಿದ್ಧವಾಗಿ, ಅದಕ್ಕೆ ಮತ ಬಿದ್ದು, ಊರಿನ ದಫ್ತರದಲ್ಲಿ ದಾಖಲಾಗಿ, ನಕಲು ಬಾಸ್ಟನ್ನಿಗೆ ಹೋಗುತ್ತಿತ್ತು. ಎಷ್ಟೋ ಉತ್ತರಗಳು ಬಾಸ್ಟನ್ನಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಪತ್ರಿಕೆಯಲ್ಲಿ ಹೆಸರು ಎಂದೂ ಬಾರದ ಊರುಗಳ ಹೆಸರು ಹೀಗೆ ಅಚ್ಚಾಯಿತು. ಬಾಸ್ಟನ್ ಯಾರಿಗೂ ಅಪ್ಪಣೆ ಕೊಡಲಿಲ್ಲ, ನಿಮಗೇನು ಅನ್ನಿಸುತ್ತದೆ ಎಂದು ಕೇಳಿತು. ಕೇಳಿದ್ದರಿಂದಲೇ ಊರುಗಳು ಬಾಯಿಬಿಟ್ಟವು. ಇಡೀ ವಸಾಹತಿನಲ್ಲಿ ಸುಮಾರು 260 ಊರು ಮತ್ತು ವಿಭಾಗಗಳಿದ್ದವು. ಕೆಲವೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ಕಡೆಯಿಂದ ಉತ್ತರ ಬಂತು. ಇದೊಂದು ಹುಚ್ಚಾಟ, ನಗೆಪಾಟಲಾಗುತ್ತಾರೆ ಎಂದುಕೊಂಡಿದ್ದ ಗವರ್ನರ್ ಥಾಮಸ್ ಹಚಿನ್ಸನ್, 1773ರ ಜನವರಿಯಲ್ಲಿ ಸಭೆಯ ಮುಂದೆ ನಿಂತು ಈ ವಾದಗಳಿಗೆ ತಾನೇ ಉತ್ತರ ಕೊಡಬೇಕಾಗಿ ಬಂತು.

ಮಾರ್ಚ್ 12ರಂದು ವರ್ಜೀನಿಯಾದ ಪ್ರತಿನಿಧಿ ಸಭೆ 11 ಜನರ ಸಮಿತಿ ಮಾಡಿ ಬೇರೆ ವಸಾಹತುಗಳಿಗೆ ಬರೆಯಿತು. ಥಾಮಸ್ ಜೆಫರ್ಸನ್, ಪ್ಯಾಟ್ರಿಕ್ ಹೆನ್ರಿ, ರಿಚರ್ಡ್ ಹೆನ್ರಿ ಲೀ ಅದರಲ್ಲಿದ್ದರು. ಒಂದೊಂದಾಗಿ ಉಳಿದ ವಸಾಹತುಗಳೂ ಸೇರಿದವು. ದೊರೆಯ ಅಂಚೆಯನ್ನು ನಂಬುವಂತಿರಲಿಲ್ಲ, ಹಾಗಾಗಿ ಅವಸರದ ಓಲೆಗಳು ಕುದುರೆ ಸವಾರರ ಕೈಯಲ್ಲಿ ಹೋದವು. ಬೆಳ್ಳಿ ಕೆಲಸದ ಪಾಲ್ ರಿವೀರ್ ಅಂಥ ಒಬ್ಬ ಸವಾರ. 1774ರಲ್ಲಿ ವಿಲಿಯಂ ಗೊಡಾರ್ಡ್ ಎಂಬ ಮುದ್ರಕ ಬೇರೆಯೇ ಅಂಚೆ ಶುರುಮಾಡಿದ. 1775ರ ಜುಲೈ 26ರಂದು ಕಾಂಟಿನೆಂಟಲ್ ಕಾಂಗ್ರೆಸ್ ತನ್ನದೇ ಅಂಚೆ ವ್ಯವಸ್ಥೆಯನ್ನು ಸ್ಥಾಪಿಸಿ ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಅದರ ಮೇಲೆ ಕೂರಿಸಿತು. ಇದೇ ಫ್ರಾಂಕ್ಲಿನ್ ಹಚಿನ್ಸನ್‌ನ ಖಾಸಗಿ ಪತ್ರಗಳನ್ನು ಬಾಸ್ಟನ್ನಿಗೆ ರವಾನಿಸಿದ್ದಕ್ಕೆ 1774ರ ಜನವರಿಯಲ್ಲಿ ದೊರೆಯ ಅಂಚೆ ಕೆಲಸದಿಂದ ವಜಾ ಆಗಿದ್ದವನು.

1774ರಲ್ಲಿ ಬ್ರಿಟನ್ ಬಾಸ್ಟನ್ ಬಂದರನ್ನು ಮುಚ್ಚಿಸಿದಾಗ ಈ ಜಾಲದ ಬಲ ಗೊತ್ತಾಯಿತು. ಓಲೆ ಹೋದ ದಾರಿಯಲ್ಲೇ ನೆರವು ಬಂತು. ಎಲ್ಲೆಲ್ಲಿಂದಲೋ ಧಾನ್ಯ, ಕುರಿ ಬಂದವು. ದೂರದ ದಕ್ಷಿಣ ಕರೊಲಿನಾದಿಂದ ಅಕ್ಕಿ ಬಂತು. ಆ ಅಕ್ಕಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

3

ಈಗ ಆ ಓಲೆಗಳ ಭಾಷೆ ನೋಡೋಣ. ಒಪ್ಪಿಗೆ ಇಲ್ಲದೆ ತೆರಿಗೆ ಹಾಕಿದರೆ ನಾವು ಗುಲಾಮರು, ನ್ಯಾಯಾಧೀಶ ದೊರೆಯ ಅನ್ನ ಉಂಡರೆ ನಾವು ಗುಲಾಮರು, ಇವತ್ತು ಸುಮ್ಮನಿದ್ದರೆ ನಾಳೆ ನಮ್ಮ ಮಕ್ಕಳು ಗುಲಾಮರು: ಬಾಸ್ಟನ್ ಹೊತ್ತಗೆಯಲ್ಲೂ ಊರುಗಳ ಉತ್ತರದಲ್ಲೂ ಮಾತು ಸುತ್ತಿ ಸುತ್ತಿ ಇಲ್ಲಿಗೇ ಬಂದು ನಿಲ್ಲುತ್ತದೆ. ಇಂಗ್ಲಿಷ್ ರಾಜಕೀಯ ಚಿಂತನೆಯಲ್ಲಿ ಈ ಪದಕ್ಕೆ ಹಳೆಯ ಅರ್ಥವೊಂದಿದೆ, ಇನ್ನೊಬ್ಬನ ಮರ್ಜಿಗೆ ಒಳಗಾದವನು ಯಾರೇ ಆದರೂ ಗುಲಾಮನೇ, ಆದ್ದರಿಂದ ಇದನ್ನು ಬರೀ ಉತ್ಪ್ರೇಕ್ಷೆ ಎನ್ನಬಾರದು ಎಂದು ವಿದ್ವಾಂಸರು ಹೇಳುತ್ತಾರೆ. ಒಪ್ಪೋಣ. ಆದರೆ ಅಲಂಕಾರಶಾಸ್ತ್ರ ಓದಿದವರಿಗೆ ಗೊತ್ತಿರುವ ಹಾಗೆ ರೂಪಕಕ್ಕೆ ಉಪಮೇಯವೂ ಬೇಕು, ಉಪಮಾನವೂ ಬೇಕು. ಇಲ್ಲಿ ಉಪಮೇಯ ಆಸ್ತಿ ಇರುವ, ಮತ ಹಾಕುವ ಬಿಳಿಯ ಗಂಡಸು. ಉಪಮಾನ ಯಾರು? ಉಪಮಾನ ಅದೇ ಮನೆಯ ಅಡಿಗೆಕೋಣೆಯಲ್ಲಿ ಸೌದೆ ಒಟ್ಟುತ್ತಿತ್ತು. ಅದಕ್ಕೆ ಮೈಯಿತ್ತು, ಹೆಸರಿತ್ತು, ಸಂತೆಯಲ್ಲಿ ಬೆಲೆಯೂ ಇತ್ತು.

ಆ ಬೆಲೆಯನ್ನು ಹೇಳಬಹುದು. 1769ರ ಸೆಪ್ಟೆಂಬರಿನಲ್ಲಿ ಜೆಫರ್ಸನ್ 'ವರ್ಜೀನಿಯಾ ಗೆಜೆಟ್' ಪತ್ರಿಕೆಯಲ್ಲಿ ಒಂದು ಜಾಹೀರಾತು ಕೊಟ್ಟ. ಸ್ಯಾಂಡಿ ಎಂಬ ಅವನ ಗುಲಾಮ ಓಡಿಹೋಗಿದ್ದ. ಸ್ಯಾಂಡಿಯ ಕಸುಬು ಜೋಡು ಹೊಲೆಯುವುದು, ಕೆಲಸ ಮಾಡುವುದು ಹೆಚ್ಚಾಗಿ ಎಡಗೈಯಲ್ಲಿ, ಒರಟು ಬಡಗಿ ಕೆಲಸವೂ ಬರುತ್ತಿತ್ತು. ಹಿಡಿದುಕೊಟ್ಟವರಿಗೆ ಅದೇ ಕೌಂಟಿಯಲ್ಲಾದರೆ 40 ಶಿಲ್ಲಿಂಗ್, ವಸಾಹತಿನ ಬೇರೆ ಕಡೆಯಾದರೆ 4 ಪೌಂಡ್, ಬೇರೆ ವಸಾಹತಿನಲ್ಲಾದರೆ 10 ಪೌಂಡ್ ಇನಾಮು. ಸ್ಯಾಂಡಿ ಸಿಕ್ಕಿಬಿದ್ದ. 1773ರ ಜನವರಿಯಲ್ಲಿ ಜೆಫರ್ಸನ್ ಅವನನ್ನು 100 ಪೌಂಡಿಗೆ ಮಾರಿದ. ಮಾರ್ಚ್ 12ರಂದು ವಸಾಹತುಗಳ ಸ್ವಾತಂತ್ರ್ಯ ಕಾಯುವ ಸಮಿತಿಯ ಸದಸ್ಯನಾದ. ನಡುವೆ ಎರಡು ತಿಂಗಳೂ ಇಲ್ಲ. ಎರಡೂ ಕೆಲಸಕ್ಕೆ ಬಳಸಿದ್ದು ಒಂದೇ ಸಲಕರಣೆ: ಕಾಗದ, ಅಚ್ಚು, ದೂರದ ಊರಿನ ಓದುಗ.

ಇದು ಜೆಫರ್ಸನ್ ಒಬ್ಬನ ವಿಚಾರವಾದರೆ ಬಿಟ್ಟುಬಿಡಬಹುದಿತ್ತು. ಬಾಸ್ಟನ್ ಸಮಿತಿಯ ಹೊತ್ತಗೆ ಅಚ್ಚು ಹಾಕಿದ ಈಡ್ಸ್ ಮತ್ತು ಗಿಲ್ ತಮ್ಮ 'ಬಾಸ್ಟನ್ ಗೆಜೆಟ್'ನಲ್ಲಿ ಮನುಷ್ಯರ ಮಾರಾಟದ ಜಾಹೀರಾತುಗಳನ್ನೂ ಅಚ್ಚು ಹಾಕುತ್ತಿದ್ದರು. ವಿವರಕ್ಕೆ ಮುದ್ರಕರನ್ನು ವಿಚಾರಿಸಿ ಎಂಬ ಸಾಲು ಆ ಕಾಲದ ಇಂಥ ಜಾಹೀರಾತುಗಳ ವಾಡಿಕೆ. ಅಂದರೆ ದೇಶಭಕ್ತಿಯ ಸುದ್ದಿ ಹೊತ್ತ ಜಾಲವೇ ಓಡಿಹೋದವರನ್ನು ಹಿಡಿಯುವ ಬಲೆಯೂ ಆಗಿತ್ತು.

ಇನ್ನು ಆ ಅಕ್ಕಿಯ ವಿಷಯ. ದಕ್ಷಿಣ ಕರೊಲಿನಾದ ಗದ್ದೆಗಳಲ್ಲಿ ಕೆಸರು ತುಳಿದವರು ಆಫ್ರಿಕಾದಿಂದ ತಂದ ಜನ ಮತ್ತು ಅವರ ಮಕ್ಕಳು. 1739ರಲ್ಲಿ ಅಲ್ಲಿನ ಸ್ಟೋನೊ ನದಿಯ ಬಳಿ ಗುಲಾಮರು ದಂಗೆ ಎದ್ದಿದ್ದರು. ಮರುವರ್ಷ, 1740ರಲ್ಲಿ, ಒಂದು ಕಾನೂನು ಬಂತು. ಗುಲಾಮನಿಗೆ ಬರೆಯುವುದನ್ನು ಕಲಿಸಿದವರಿಗೆ ಆ ವಸಾಹತಿನ ಹಣದಲ್ಲಿ 100 ಪೌಂಡ್ ದಂಡ. ಓದುವುದನ್ನು ಕಲಿಸಬಾರದೆಂದು ಆ ಕಾನೂನು ಹೇಳಲಿಲ್ಲ, ಬರೆಯುವುದನ್ನು ಮಾತ್ರ ತಡೆಯಿತು. ಯಾಕೆ? ತೋಟ ಬಿಟ್ಟು ಹೊರಗೆ ಹೆಜ್ಜೆ ಇಡಬೇಕಾದರೆ ಗುಲಾಮನ ಕೈಯಲ್ಲಿ ಯಜಮಾನ ಬರೆದ ಚೀಟಿ ಇರಬೇಕಿತ್ತು. ಬರೆಯಲು ಬಂದವನು ತನ್ನ ಚೀಟಿಯನ್ನು ತಾನೇ ಬರೆದುಕೊಳ್ಳುತ್ತಾನೆ. ಓಡಿಹೋದವರ ಜಾಹೀರಾತುಗಳಲ್ಲಿ 'ಇವನಿಗೆ ಬರೆಯಲು ಬರುತ್ತದೆ, ಎಚ್ಚರ' ಎಂಬ ಅರ್ಥದ ಮಾತು ಬರುವುದು ಇದೇ ಭಯಕ್ಕೆ. ಯಜಮಾನರಿಗೆ ಅಕ್ಷರದ ಶಕ್ತಿ ಗೊತ್ತಿತ್ತು, ನಮ್ಮ ಪುರೋಹಿತಶಾಹಿಗೆ ಗೊತ್ತಿದ್ದ ಹಾಗೆಯೇ. ಅಂಥ ನೆಲದಲ್ಲಿ, ಅಂಥ ಕೈಗಳು ಬೆಳೆದ ಅಕ್ಕಿ ಬಾಸ್ಟನ್ನಿನ ಸ್ವಾತಂತ್ರ್ಯಕ್ಕೆ ಕಾಣಿಕೆಯಾಗಿ ಬಂತು. ಕೊಟ್ಟವರ ಹೆಸರು ದಾಖಲಾಯಿತು, ಬೆಳೆದವರ ಹೆಸರು ಆಗಲಿಲ್ಲ.

'ಆ ಕಾಲವೇ ಹಾಗಿತ್ತು, ಇವತ್ತಿನ ಕಣ್ಣಲ್ಲಿ ನೋಡಬಾರದು' ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಸಮಿತಿಯ ಅಧ್ಯಕ್ಷ ಜೇಮ್ಸ್ ಓಟಿಸ್ 1764ರಷ್ಟು ಹಿಂದೆಯೇ, ವಸಾಹತಿನವರು ಬಿಳಿಯರಿರಲಿ ಕಪ್ಪು ಜನರಿರಲಿ ಹುಟ್ಟಿನಿಂದಲೇ ಸ್ವತಂತ್ರರು ಎಂದು ಅಚ್ಚಿನಲ್ಲಿ ಬರೆದಿದ್ದ. ಬಾಸ್ಟನ್ ಹೊತ್ತಗೆಯೇ, ಸ್ವಾತಂತ್ರ್ಯ ದೇವರು ಕೊಟ್ಟದ್ದು, ಮನುಷ್ಯ ತಾನಾಗಿ ಒಪ್ಪಿದರೂ ಅದನ್ನು ಬಿಟ್ಟುಕೊಟ್ಟು ಗುಲಾಮನಾಗಲಾರ ಎಂದು ವಾದಿಸುತ್ತದೆ. ವಿಚಾರ ಆ ಕಾಲದಲ್ಲೇ ಇತ್ತು, ಅವರ ಕೈಬರಹದಲ್ಲೇ ಇತ್ತು. ಅದಕ್ಕೆ ಬಾಗಿಲು ದಾಟಿ ಅಡಿಗೆಕೋಣೆಗೆ ಬರಲು ಅನುಮತಿ ಇರಲಿಲ್ಲ, ಅಷ್ಟೆ.

4

ಅಡಿಗೆಕೋಣೆಯೇ ಎದ್ದು ಹೊರಗೆ ಬಂತು. 1773ರ ಜನವರಿ 6ರಂದು ಮ್ಯಾಸಚೂಸೆಟ್ಸಿನ ಗುಲಾಮರ ಪರವಾಗಿ 'ಫೀಲಿಕ್ಸ್' ಎಂಬ ಒಂದೇ ಹೆಸರಿನ ಸಹಿಯಲ್ಲಿ ಒಂದು ಮನವಿ ಗವರ್ನರಿಗೂ ಸಭೆಗೂ ಹೋಯಿತು. ನಮಗೆ ಆಸ್ತಿ ಇಲ್ಲ, ಹೆಂಡತಿ ಮಕ್ಕಳು ನಮ್ಮವರಲ್ಲ, ಊರಿಲ್ಲ, ದೇಶವಿಲ್ಲ ಎಂಬುದು ಅದರ ಅಳಲು. 'ದೇಶಭಕ್ತ' ಎಂಬ ಪದ ಗಾಳಿಯಲ್ಲಿ ತುಂಬಿದ್ದ ಊರಿನಲ್ಲಿ ದೇಶವೇ ಇಲ್ಲದವನೊಬ್ಬ ಬರೆದ ಮಾತಿದು.

ಏಪ್ರಿಲ್ 20ರಂದು ಇನ್ನೊಂದು ಓಲೆ ಹೊರಟಿತು. ಇದು ಅಚ್ಚಾದ ಸುತ್ತೋಲೆ. ಪೀಟರ್ ಬೆಸ್ಟಿಸ್, ಸ್ಯಾಂಬೊ ಫ್ರೀಮನ್, ಫೀಲಿಕ್ಸ್ ಹಾಲ್‌ಬ್ರೂಕ್, ಚೆಸ್ಟರ್ ಜೋಯಿ ಈ ನಾಲ್ವರ ಸಹಿ ಇದೆ. ತಾವು ಬರೆಯುತ್ತಿರುವುದು ಈ ಪ್ರಾಂತದ ಜೊತೆ ಗುಲಾಮರ ಪರವಾಗಿ, ಅವರ ಸಮಿತಿಯ ಅಪ್ಪಣೆಯಂತೆ ಎಂದು ಹೇಳಿಕೊಂಡಿದ್ದಾರೆ. ಗಮನಿಸಿ: ಸಮಿತಿ! ಓಲೆಯನ್ನು ಬರೆದದ್ದು ಇಂಥ ಊರಿನ ಪ್ರತಿನಿಧಿಗೆ ಎಂದು ಅಚ್ಚು ಹಾಕಿಸಿ, ಊರಿನ ಹೆಸರಿಗೆ ಜಾಗ ಖಾಲಿ ಬಿಟ್ಟಿದ್ದಾರೆ, ಕೈಯಲ್ಲಿ ತುಂಬಿಕೊಳ್ಳಲು. ಬಾಸ್ಟನ್ ಸಮಿತಿ ಊರೂರಿಗೆ ಬರೆದು ಆರು ತಿಂಗಳೂ ಆಗಿರಲಿಲ್ಲ. ಯಜಮಾನರ ಸಂಘಟನೆಯ ತಂತ್ರವನ್ನು ಅವರ ಆಳುಗಳು ನೋಡಿ, ಕೇಳಿ, ಕಲಿತು ತಮ್ಮದನ್ನಾಗಿ ಮಾಡಿಕೊಂಡಿದ್ದರು.

ಈ ಓಲೆಯನ್ನು ಸಾಹಿತ್ಯ ಕೃತಿಯಾಗಿಯೇ ಓದಬೇಕು. ಶುರುವಾಗುವುದು ಹೊಗಳಿಕೆಯಿಂದ. ನಿಮ್ಮ ಸಭೆ ತನ್ನನ್ನು ಗುಲಾಮಗಿರಿಯಿಂದ ಬಿಡಿಸಿಕೊಳ್ಳಲು ಮಾಡಿದ ಪ್ರಯತ್ನ ನೋಡಿ, ಆ ಸ್ಥಿತಿಯಲ್ಲೇ ಇರುವ ನಮಗೆ ಬಹಳ ಸಂತೋಷವಾಯಿತು ಅನ್ನುತ್ತಾರೆ. ಇಷ್ಟು ಗಟ್ಟಿಯಾಗಿ ನಿಂತವರಿಂದ ದೊಡ್ಡದನ್ನೇ ನಿರೀಕ್ಷಿಸುತ್ತೇವೆ ಅನ್ನುತ್ತಾರೆ. ಯಾರನ್ನೂ ಬೈದಿಲ್ಲ. ಯಜಮಾನರ ರೂಪಕವನ್ನು ಎತ್ತಿಕೊಂಡು ಅದರ ಒಳಗೆ ತಮ್ಮನ್ನು ನಿಲ್ಲಿಸಿದ್ದಾರೆ. ಉಪಮಾನ ಮಾತಾಡಿದ ಕೂಡಲೇ ರೂಪಕ ಮುರಿದುಬೀಳುತ್ತದೆ. ಆಮೇಲೆ ಸ್ಪೇನಿನವರ ಮಾತು ಬರುತ್ತದೆ. ನಿಮ್ಮಷ್ಟು ಸ್ವಾತಂತ್ರ್ಯದ ದೊಡ್ಡ ವಿಚಾರ ಇಲ್ಲದ ಆ ಜನ ಕೂಡ ಗುಲಾಮನಿಗೆ ವಾರದಲ್ಲಿ ಒಂದು ದಿನ ತನಗಾಗಿ ದುಡಿಯಲು ಬಿಡುತ್ತಾರೆ, ಆ ದುಡಿಮೆಯಿಂದ ಅವನು ತನ್ನನ್ನು ಕೊಂಡುಕೊಳ್ಳಬಹುದು ಎಂದು ನೆನಪಿಸುತ್ತಾರೆ. ತಾವು ಬಿಡುಗಡೆಯಾಗಿ ಹಣ ಕೂಡಿಸಿಕೊಂಡು ಆಫ್ರಿಕಾಕ್ಕೆ ಹೊರಟುಹೋಗುತ್ತೇವೆ ಎಂದೂ ಹೇಳುತ್ತಾರೆ. ತಗ್ಗಿ ಬಗ್ಗಿ ಬರೆದ ಭಾಷೆ ಇದು. ಮೇಲ್ನೋಟಕ್ಕೆ ದೈನ್ಯ, ಒಳಗೆ ಕತ್ತಿ. ನಮ್ಮ ಹಟ್ಟಿಯ ಹಿರಿಯರು ಗೌಡನ ಜಗಲಿಯ ಕೆಳಗೆ ನಿಂತು ಆಡುವ ಮಾತಿನ ವರಸೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದನ್ನು ಬರೀ ಶರಣಾಗತಿ ಅಂತ ಓದುವ ವಿಮರ್ಶಕನಿಗೆ ಕಿವಿ ಇಲ್ಲ.

1774ರ ಮೇ 25ರಂದು ಹೊಸ ಗವರ್ನರ್ ಗೇಜ್‌ಗೆ ಮತ್ತೊಂದು ಮನವಿ ಹೋಯಿತು. ಎಲ್ಲ ಮನುಷ್ಯರ ಹಾಗೆ ನಮಗೂ ಸ್ವಾತಂತ್ರ್ಯ ಹುಟ್ಟುಹಕ್ಕು ಎಂದು ಅದು ನೇರವಾಗಿ ಹೇಳುತ್ತದೆ. ಗಂಡ ಹೆಂಡತಿಯಾಗಿ ಬಾಳಲಾರದ, ಮಡಿಲಿನಿಂದ ಕಿತ್ತ ಮಕ್ಕಳು ಮಾರಾಟವಾಗುವ ಸಂಕಟವನ್ನು ತೋಡಿಕೊಳ್ಳುತ್ತದೆ. ಮೂಲದಲ್ಲಿ ಇದರ ಕಾಗುಣಿತ ಪುಸ್ತಕದ ಇಂಗ್ಲಿಷಿನದಲ್ಲ, ಕಿವಿಗೆ ಕೇಳಿಸಿದ ಹಾಗೆ ಬರೆದದ್ದು. ವ್ಯಾಕರಣ ತಿದ್ದಲು ಹೊರಟವರು ಇದರ ಜೀವವನ್ನೇ ಕಳೆದುಕೊಳ್ಳುತ್ತಾರೆ. 'ಭಾಷೆ ಒರಟು, ಶೈಲಿ ಪಳಗಿಲ್ಲ' ಎಂದು ದಲಿತ ಬರಹವನ್ನು ಬದಿಗೆ ಸರಿಸಿದ ಮಾತುಗಳನ್ನು ಕೇಳಿದವರಿಗೆ ಈ ಕಾಗುಣಿತ ಬಲು ಹತ್ತಿರದ್ದು.

5

ಉತ್ತರ ಏನು ಬಂತು? ಸಭೆ 1774ರಲ್ಲಿ ಗುಲಾಮರ ಆಮದನ್ನು ತಡೆಯುವ ಮಸೂದೆಯೊಂದನ್ನು ಒಪ್ಪಿತು, ಗವರ್ನರ್ ಅದಕ್ಕೆ ಅಂಕಿತ ಹಾಕಲಿಲ್ಲ. ಆಗ ತಪ್ಪನ್ನು ಗವರ್ನರ್ ತಲೆಗೆ ಕಟ್ಟಬಹುದಿತ್ತು. ಅದೇ ಅಕ್ಟೋಬರಿನಲ್ಲಿ ಕಾಂಟಿನೆಂಟಲ್ ಕಾಂಗ್ರೆಸ್ ಬ್ರಿಟನ್ನಿನೊಡನೆ ವ್ಯಾಪಾರ ಬಹಿಷ್ಕರಿಸುವಾಗ, ಡಿಸೆಂಬರ್ 1ರ ನಂತರ ಗುಲಾಮರನ್ನೂ ತರಿಸಿಕೊಳ್ಳಬಾರದು ಎಂದು ಸೇರಿಸಿತು. ಇದನ್ನು ಒಪ್ಪಿಕೊಳ್ಳಬೇಕು. ಆದರೆ ಆಮದು ನಿಲ್ಲುವುದು ಒಂದು, ಮನೆಯಲ್ಲಿರುವವರಿಗೆ ಬಿಡುಗಡೆ ಸಿಗುವುದು ಮತ್ತೊಂದು.

1775ರ ಮಾರ್ಚ್ 24ರಂದು ಬ್ರಿಸ್ಟಲ್ ಮತ್ತು ವುಸ್ಟರ್ ಕೌಂಟಿಗಳ ಕಪ್ಪು ಜನ ನೇರವಾಗಿ ವುಸ್ಟರಿನ ಪತ್ರವ್ಯವಹಾರ ಸಮಿತಿಗಳಿಗೇ ಬರೆದರು. ತಮ್ಮ ಬಿಡುಗಡೆಗೆ ನೆರವಾಗಿ ಎಂದು ಕೇಳಿದರು. ಕೊನೆಗೂ ಓಲೆ ಸರಿಯಾದ ವಿಳಾಸಕ್ಕೆ ಹೋಯಿತು, ಉತ್ತರವೂ ಬಂತು. ಜೂನ್ 14ರಂದು ಕೌಂಟಿಯ ಸಮಾವೇಶ ಒಂದು ಠರಾವು ಮಾಡಿತು. ಯಾವ ಮನುಷ್ಯರನ್ನೂ, ಅದರಲ್ಲೂ ಈ ದೇಶದ ಕಪ್ಪು ಜನರನ್ನು, ಗುಲಾಮರನ್ನಾಗಿ ಮಾಡುವುದನ್ನು ನಾವು ಅಸಹ್ಯಪಡುತ್ತೇವೆ, ಯಾವಾಗಲಾದರೂ ಬಾಗಿಲು ತೆರೆದರೆ, ಅವಕಾಶ ಒದಗಿದರೆ, ಬಿಡುಗಡೆಗಾಗಿ ನಮ್ಮ ಪ್ರಭಾವ ಬಳಸುತ್ತೇವೆ ಎಂಬುದು ಅದರ ಸಾರ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಸಮಿತಿಗಳ ಜಾಲದ ಒಳಗಿನಿಂದಲೇ ಬಂದ ದನಿ ಇದು. ಆದರೆ ವಾಕ್ಯದ ಕಟ್ಟು ನೋಡಿ. ತೆರಿಗೆಯ ಮಾತು ಬಂದಾಗ ಆ ಜನ 'ನಾವು ತಡೆಯುತ್ತೇವೆ, ನಾವು ಕೊಳ್ಳುವುದಿಲ್ಲ' ಎಂದು ಕರ್ತರಿಯಲ್ಲಿ ಬರೆಯುತ್ತಿದ್ದರು. ಇಲ್ಲಿ ಬಾಗಿಲು ತಾನಾಗಿ ತೆರೆಯಬೇಕು. ತೆರೆಯುವವರು ಯಾರೆಂದು ವಾಕ್ಯ ಹೇಳುವುದಿಲ್ಲ. ಎಷ್ಟೋ ಸರಕಾರಿ ಆದೇಶಗಳ ಭಾಷೆ ಇದೇ ಅಲ್ಲವೇ?

1777ರ ಹೊತ್ತಿಗೆ ಗವರ್ನರ್ ಹೊರಟುಹೋಗಿದ್ದ, ಆಳುತ್ತಿದ್ದದ್ದು ದೇಶಭಕ್ತರದೇ ಸಭೆ. ಜನವರಿ 13ರಂದು ಪ್ರಿನ್ಸ್ ಹಾಲ್ ಮುಂತಾದವರು ಸಹಿ ಮಾಡಿದ ಮತ್ತೊಂದು ಮನವಿ ಬಂತು. ಬಿಡುಗಡೆಯ ಮಸೂದೆಯೂ ಸಭೆಯ ಮುಂದೆ ಬಂತು. ಆಗ ಜಾನ್ ಆಡಮ್ಸ್ ಗೆಳೆಯ ಜೇಮ್ಸ್ ವಾರೆನ್‌ಗೆ ಜುಲೈ 7ರಂದು ಬರೆದ ಕಾಗದ ಉಳಿದಿದೆ. ಆ ಮಸೂದೆ ಸ್ವಲ್ಪ ಕಾಲ ಮಲಗಿರಲಿ, ನಮ್ಮೊಳಗೆ ಒಡಕಿಗೆ ಈಗಿರುವ ಕಾರಣಗಳೇ ಸಾಕು ಎನ್ನುತ್ತಾನೆ. ಮಸೂದೆ ಮಲಗಿತು. ವಸಾಹತುಗಳನ್ನು ಹೆಣೆದ ಓಲೆಯ ಜಾಲ ಈಗ ಒಗ್ಗಟ್ಟಿನ ಹೆಸರಿನಲ್ಲಿ ಇವರನ್ನು ಹೊರಗಿಟ್ಟಿತು. 'ಮೊದಲು ಸ್ವಾತಂತ್ರ್ಯ, ಆಮೇಲೆ ನಿಮ್ಮ ಪ್ರಶ್ನೆ' ಎಂಬ ಮಾತು ನಮಗೆ ಹೊಸದಲ್ಲ.

ಮ್ಯಾಸಚೂಸೆಟ್ಸಿನಲ್ಲಿ ಗುಲಾಮಗಿರಿ ಕೊನೆಗಂಡದ್ದು ಸಮಿತಿಗಳ ಔದಾರ್ಯದಿಂದಲ್ಲ. ಓದು ಬರಹ ಬಾರದ ಎಲಿಜಬೆತ್ ಫ್ರೀಮನ್ 1780ರ ಹೊಸ ಸಂವಿಧಾನದ ಮಾತನ್ನೇ ಹಿಡಿದು 1781ರಲ್ಲಿ ಕೋರ್ಟಿಗೆ ಹೋಗಿ ಗೆದ್ದರು. ಕ್ವಾಕ್ ವಾಕರ್ ಅವರ ಮೊಕದ್ದಮೆಯಲ್ಲಿ 1783ರಲ್ಲಿ ಮುಖ್ಯ ನ್ಯಾಯಾಧೀಶ ಕುಶಿಂಗ್ ಗುಲಾಮಗಿರಿಗೂ ಆ ಸಂವಿಧಾನಕ್ಕೂ ಹೊಂದುವುದಿಲ್ಲ ಎಂದ. ಬಾಗಿಲನ್ನು ಒದ್ದು ತೆರೆದವರು ಒಳಗಿದ್ದವರೇ.

6

ಅಕ್ಷರದ ಜಾಲದ ಜೊತೆಗೇ ಬಾಯಿಮಾತಿನ ಜಾಲವೊಂದಿತ್ತು. ಇದಕ್ಕೆ ಸಾಕ್ಷಿ ಕೊಡುವವರು ಯಜಮಾನರೇ. 1775ರ ಸೆಪ್ಟೆಂಬರಿನಲ್ಲಿ ಜಾರ್ಜಿಯಾದ ಇಬ್ಬರು ಪ್ರತಿನಿಧಿಗಳು ಹೇಳಿದ್ದನ್ನು ಜಾನ್ ಆಡಮ್ಸ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಕಪ್ಪು ಜನರಿಗೆ ತಮ್ಮತಮ್ಮಲ್ಲಿ ಸುದ್ದಿ ಮುಟ್ಟಿಸುವ ಅದ್ಭುತ ಕಲೆ ಗೊತ್ತು, ವಾರದಲ್ಲಿ ಇಲ್ಲವೆ ಹದಿನೈದು ದಿನದಲ್ಲಿ ಸುದ್ದಿ ನೂರಾರು ಮೈಲಿ ಹೋಗುತ್ತದೆ ಎಂದು ಅವರು ಹೇಳಿದರಂತೆ. ಕುದುರೆ ಇಲ್ಲ, ಅಂಚೆ ಇಲ್ಲ, ಕೈಯಲ್ಲಿ ಚೀಟಿ ಇಲ್ಲದೆ ನಡೆಯುವ ಹಕ್ಕೂ ಇಲ್ಲ. 1772ರಲ್ಲಿ ಲಂಡನ್ನಿನ ಕೋರ್ಟು ಸಾಮರ್ಸೆಟ್ ಎಂಬ ಗುಲಾಮನನ್ನು ಬಿಡುಗಡೆ ಮಾಡಿದ ಸುದ್ದಿ ವರ್ಜೀನಿಯಾದ ತೋಟಗಳಿಗೂ ಬಂದಿತ್ತು. 1774ರಲ್ಲಿ ಬ್ಯಾಕಸ್ ಎಂಬಾತ ಓಡಿಹೋದಾಗ, ಆ ತೀರ್ಪಿನ ವಿಷಯ ಇವನಿಗೆ ಗೊತ್ತಿದೆ, ಇಂಗ್ಲೆಂಡಿನ ಹಡಗು ಹತ್ತಬಹುದು ಎಂದು ಯಜಮಾನ ಜಾಹೀರಾತಿನಲ್ಲೇ ಬರೆದ.

ಇದೇ ಕಾಲದಲ್ಲಿ ದೇಶಭಕ್ತರ ಓಲೆಗಳು ಮೌನದ ಕಲೆಯನ್ನೂ ಕಲಿತವು. 1774ರ ನವೆಂಬರ್ 26ರಂದು ಯುವಕ ಜೇಮ್ಸ್ ಮ್ಯಾಡಿಸನ್ ಗೆಳೆಯ ವಿಲಿಯಂ ಬ್ರಾಡ್‌ಫರ್ಡ್‌ಗೆ ಬರೆದ ಕಾಗದ ನೋಡಿ. ವರ್ಜೀನಿಯಾದ ಒಂದು ಕೌಂಟಿಯಲ್ಲಿ ಕೆಲವು ಗುಲಾಮರು ಸೇರಿ ಬ್ರಿಟಿಷ್ ಪಡೆ ಬಂದಾಗ ತಮ್ಮನ್ನು ನಡೆಸಲು ಒಬ್ಬ ನಾಯಕನನ್ನು ಆರಿಸಿಕೊಂಡಿದ್ದರು. ಇಂಥ ಪ್ರಯತ್ನಗಳನ್ನು ಹತ್ತಿಕ್ಕುವುದಷ್ಟೇ ಅಲ್ಲ, ಮುಚ್ಚಿಡುವುದೂ ವಿವೇಕ ಎನ್ನುತ್ತಾನೆ ಮ್ಯಾಡಿಸನ್. ಬಾಸ್ಟನ್ನಿನ ಪಟ್ಟಣಸಭೆ ಸೇರಿ ನಾಯಕರನ್ನು ಆರಿಸಿಕೊಂಡರೆ ಅದನ್ನು ಅಚ್ಚು ಹಾಕಿ ಹಂಚುವುದು, ತೋಟದ ಗುಲಾಮರು ಅದನ್ನೇ ಮಾಡಿದರೆ ಹೂತುಹಾಕುವುದು. ದಾಖಲೆ ಇಲ್ಲ, ಆದ್ದರಿಂದ ಹೋರಾಟ ಇರಲಿಲ್ಲ ಎನ್ನುವ ಪಂಡಿತರಿಗೆ ಈ ಒಂದು ಕಾಗದ ತೋರಿಸಿದರೆ ಸಾಕು. ದಾಖಲೆ ಇಲ್ಲದಿರುವುದು ಎಷ್ಟೋ ಸಲ ಯಾರೋ ಕೂತು ಮಾಡಿದ ಕೆಲಸ.

7

ಈ ಕತೆಯಲ್ಲಿ ಒಬ್ಬ ಕವಿಯೂ ಇದ್ದಾರೆ. ಫಿಲಿಸ್ ವೀಟ್ಲಿ 1761ರಲ್ಲಿ ಏಳೆಂಟು ವರ್ಷದ ಮಗುವಾಗಿ ಹಡಗಿನಲ್ಲಿ ಬಾಸ್ಟನ್ನಿಗೆ ಬಂದು ಮಾರಾಟವಾದವರು. ಅವರ ಕವಿತೆಗಳ ಪುಸ್ತಕ 1773ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಒಬ್ಬ ಗುಲಾಮ ಹುಡುಗಿ ಕವಿತೆ ಬರೆದಳೆಂದರೆ ಯಾರು ನಂಬುತ್ತಾರೆ? ಬಾಸ್ಟನ್ನಿನ ಹದಿನೆಂಟು ದೊಡ್ಡ ಮನುಷ್ಯರು 'ಇವು ಇವಳವೇ' ಎಂದು ಬರೆದ ಪ್ರಮಾಣಪತ್ರಕ್ಕೆ ಹೆಸರು ಕೊಟ್ಟರು. ಅದರಲ್ಲಿ ಗವರ್ನರ್ ಹಚಿನ್ಸನ್ ಇದ್ದ, ಅವನ ಕಡು ವಿರೋಧಿ ಜಾನ್ ಹ್ಯಾನ್ಕಾಕ್ ಕೂಡ ಇದ್ದ. ರಾಜಕೀಯದಲ್ಲಿ ಹಾವು ಮುಂಗುಸಿಯಾಗಿದ್ದವರು ಒಬ್ಬ ಕಪ್ಪು ಹುಡುಗಿಯ ಯೋಗ್ಯತೆಗೆ ಸರ್ಟಿಫಿಕೇಟು ಕೊಡುವಾಗ ಒಂದೇ ಹಾಳೆಯಲ್ಲಿ ಕೂತರು.

ಬಿಡುಗಡೆಯಾದ ಮೇಲೆ, 1774ರ ಫೆಬ್ರವರಿ 11ರಂದು, ವೀಟ್ಲಿ ಮೊಹೀಗನ್ ಬುಡಕಟ್ಟಿನ ಧರ್ಮಬೋಧಕ ಸ್ಯಾಮ್ಸನ್ ಆಕಮ್ ಅವರಿಗೆ ಒಂದು ಓಲೆ ಬರೆದರು. ಮಾರ್ಚಿನಲ್ಲಿ ಅದು 'ಕನೆಕ್ಟಿಕಟ್ ಗೆಜೆಟ್'ನಲ್ಲಿ ಅಚ್ಚಾಗಿ, ಬೇರೆ ಪತ್ರಿಕೆಗಳಿಗೂ ಹರಡಿತು. ಪ್ರತಿಯೊಂದು ಎದೆಯಲ್ಲೂ ದೇವರು ಸ್ವಾತಂತ್ರ್ಯದ ಆಸೆಯನ್ನು ಇಟ್ಟಿದ್ದಾನೆ, ಸ್ವಾತಂತ್ರ್ಯಕ್ಕಾಗಿ ಕೂಗುವವರೇ ಇನ್ನೊಬ್ಬರನ್ನು ತುಳಿಯುವುದು ಹೇಗೆ ಹೊಂದುತ್ತದೆ ಎಂದು ತಿಳಿಯಲು ತತ್ವಜ್ಞಾನಿ ಬೇಕಾಗಿಲ್ಲ ಎಂಬುದು ಅದರ ಇಂಗಿತ. ಕಪ್ಪು ಹೆಣ್ಣೊಬ್ಬಳು ಮೂಲನಿವಾಸಿಯೊಬ್ಬರಿಗೆ ಬರೆದ ಓಲೆ. ಬಾಸ್ಟನ್ ಸಮಿತಿಯ ನಕ್ಷೆಯಲ್ಲಿ ಇಂಥ ದಾರಿಯೇ ಇರಲಿಲ್ಲ.

ಇನ್ನೊಂದು ದಾರಿಯೂ ಇತ್ತು. ವೀಟ್ಲಿ 1772ರಿಂದ 1779ರವರೆಗೆ ರೋಡ್ ಐಲೆಂಡಿನ ನ್ಯೂಪೋರ್ಟಿನಲ್ಲಿದ್ದ ಗುಲಾಮ ಗೆಳತಿ ಓಬರ್ ಟ್ಯಾನರ್‌ಗೆ ಬರೆಯುತ್ತಿದ್ದರು. ಪರಿಚಯದವರ ಕೈಯಲ್ಲಿ ಓಲೆ ಹೋಗುತ್ತಿತ್ತು. ದೇವರು, ಕಾಯಿಲೆ, ಪುಸ್ತಕದ ಮಾರಾಟ, ಸ್ನೇಹ ಇವೇ ಅವುಗಳ ವಿಷಯ. ರಾಜಕೀಯ ಇಲ್ಲವಲ್ಲ ಎನ್ನಬೇಡಿ. ಇಬ್ಬರು ಗುಲಾಮ ಹೆಂಗಸರು ಒಬ್ಬರಿಗೊಬ್ಬರು ಬರೆಯುವುದೇ ಅಲ್ಲಿನ ರಾಜಕೀಯ. ವೀಟ್ಲಿ ಬರೆದವನ್ನು ಓಬರ್ ಜೋಪಾನ ಮಾಡಿದ್ದರಿಂದ ಅವು ಉಳಿದವು. ಓಬರ್ ಬರೆದ ಒಂದೂ ಉಳಿದಿಲ್ಲ.

ಇಂಥ ವೀಟ್ಲಿಯ ಕವಿತೆಗಳು ವಿಮರ್ಶೆಯ ಘನತೆಗೆ ತಕ್ಕವಲ್ಲ ಎಂದು ಜೆಫರ್ಸನ್ ತನ್ನ ವರ್ಜೀನಿಯಾದ ಟಿಪ್ಪಣಿಗಳಲ್ಲಿ ತಳ್ಳಿಹಾಕಿದ. ಸ್ಯಾಂಡಿಯ ಬೆಲೆ ಕಟ್ಟಿದ ಕೈಯೇ ಕವಿತೆಯ ಬೆಲೆಯನ್ನೂ ಕಟ್ಟಿತು. 'ವಿಮರ್ಶೆಗೆ ತಕ್ಕದ್ದಲ್ಲ' ಎಂಬ ಮಾತು ಯಾವ ಕಡೆಯಿಂದ ಬರುತ್ತದೆ, ಆ ಬಾಯಿಯ ಮನೆಯಲ್ಲಿ ಯಾರು ದುಡಿಯುತ್ತಿದ್ದಾರೆ ಎಂದು ಕೇಳುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು.

8

ಜಾತಿ ಮತ್ತು ಜನಾಂಗ ಒಂದೇ ಎಂದು ನಾನು ಹೇಳುತ್ತಿಲ್ಲ. ಅಂಬೇಡ್ಕರ್ ಅವರೇ ಗುಲಾಮಗಿರಿಯನ್ನೂ ಅಸ್ಪೃಶ್ಯತೆಯನ್ನೂ ಪಕ್ಕದಲ್ಲಿಟ್ಟು ನೋಡುವಾಗ ವ್ಯತ್ಯಾಸಗಳನ್ನು ಎತ್ತಿ ತೋರಿಸಿದ್ದಾರೆ. ಆದರೆ ಆ ಕಡೆಗೂ ಈ ಕಡೆಗೂ ಓಲೆಯ ದಾರಿಯೊಂದು ಬಿದ್ದಿದೆ. ಜೋತಿರಾವ್ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಕಪ್ಪು ಜನರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ. ಪೀಟರ್ ಬೆಸ್ಟಿಸ್ ಮತ್ತು ಜೊತೆಗಾರರ ಸುತ್ತೋಲೆ ಹೊರಟು ಸರಿಯಾಗಿ ನೂರು ವರ್ಷ. 1946ರಲ್ಲಿ ಅಂಬೇಡ್ಕರ್ ಅವರು ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಒಂದು ಕಾಗದ ಬರೆದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಬೇಕು, ಅಸ್ಪೃಶ್ಯರೂ ಅದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆ ಎಂದರು. ಜುಲೈ 31ರಂದು ಡುಬಾಯ್ಸ್ ಉತ್ತರ ಬರೆದರು. ನಿಮ್ಮ ಹೆಸರು ಬಲ್ಲೆ, ನಿಮ್ಮ ಜನರ ಬಗ್ಗೆ ನನಗೆ ಪೂರ್ಣ ಸಹಾನುಭೂತಿ ಇದೆ ಎಂದರು. ಮ್ಯಾಡಿಸನ್, ಜೆಫರ್ಸನ್, ಆಡಮ್ಸ್ ಕಟ್ಟಿದ ಜಾಲದಲ್ಲಿ ಜಾಗ ಇಲ್ಲದವರ ಮೊಮ್ಮಕ್ಕಳು ನಮ್ಮ ವಿಳಾಸ ಕಂಡುಕೊಂಡಿದ್ದರು.

ದಲಿತ ವಿಮರ್ಶೆಗೆ ಈ ಓದಿನಿಂದ ಸಿಗುವುದು ಏನು? ದೇಶಭಕ್ತರ ಓಲೆಗಳನ್ನು ಸುಟ್ಟುಹಾಕಬೇಕಾಗಿಲ್ಲ. ಅವರು ಕಂಡುಹಿಡಿದ ಸಮಿತಿ, ಸುತ್ತೋಲೆ, ಊರಸಭೆಯ ಓದು ಎಲ್ಲವೂ ಗುಲಾಮರ ಕೈಗೂ ಬಂದವು. ಬಳಸಿದವರಿಗೆ ದಕ್ಕಿದವು. ಆದರೆ ಸ್ವಾತಂತ್ರ್ಯದ ಯಾವ ಪಠ್ಯವನ್ನೇ ಆಗಲಿ ಕೈಗೆತ್ತಿಕೊಂಡಾಗ, ಇದು ಯಾರಿಗೆ ಬರೆದದ್ದು, ಯಾರಿಗೆ ಬರೆಯಲಿಲ್ಲ, ಇದಕ್ಕೆ ಬಂದ ಯಾವ ಓಲೆಗೆ ಉತ್ತರ ಹೋಗಲಿಲ್ಲ ಎಂದು ಹುಡುಕುವುದು ನಮ್ಮ ಕೆಲಸ.

ಇದೇ ಪ್ರಶ್ನೆಯನ್ನು ನಮಗೂ ಹಾಕಿಕೊಳ್ಳೋಣ. ನಮ್ಮ ಚಳವಳಿಯ ಸುತ್ತೋಲೆಗಳು ಯಾವ ಕೇರಿಯವರೆಗೆ ಹೋದವು, ಯಾವ ಕೇರಿಯಲ್ಲಿ ನಿಂತುಬಿಟ್ಟವು? ಸಭೆಗೆ ಬಂದ ಗಂಡಸರ ಭಾಷಣಗಳು ಅಚ್ಚಾಗಿವೆ, ಸಭೆಗೆ ಅನ್ನ ಬೇಯಿಸಿದ ಹೆಂಗಸರು ಅಂದು ಏನು ಮಾತಾಡಿಕೊಂಡರು ಎಂಬುದನ್ನು ಯಾರು ಬರೆದುಕೊಂಡಿದ್ದಾರೆ? ಓಬರ್ ಟ್ಯಾನರ್ ಬರೆದ ಓಲೆಗಳು ಇನ್ನು ಸಿಗಲಾರವು. ನಮ್ಮ ಕೇರಿಗಳ ಓಬರ್‌ಗಳು ಇನ್ನೂ ಬದುಕಿದ್ದಾರೆ. ಅವರ ಮಾತನ್ನು ಬರೆದುಕೊಳ್ಳಲು ಯಾವ ಬಾಗಿಲೂ ತಾನಾಗಿ ತೆರೆಯಬೇಕಾಗಿಲ್ಲ. ನಾವು ಎದ್ದು ಹೋದರೆ ಸಾಕು.